ಗರಡಿಯ ದೀಪ ಹಚ್ಚುವವನು

ಗೆಳೆಯರೇ, ಇವತ್ತು ಬೆಳಿಗ್ಗೆ ಹನುಮಂತನಗರದ ನಮ್ಮ ಗರಡಿಯಲ್ಲಿ ಉಸ್ತಾದನಾದ ನನ್ನ ಮಾನ ಸ್ವಲ್ಪದರಲ್ಲಿ ಉಳಿದುಕೊಂಡಿತು.

ಹೊಸದಾಗಿ ಸೇರಿದ ಗುಮಾಸ್ತ ಶೇಷಾದ್ರಿ ವಾರ ತುಂಬುವ ಮೊದಲೇ ಬರುವುದನ್ನು ನಿಲ್ಲಿಸಿದ್ದ. ಬೈದು ಪ್ರಯೋಜನವಿಲ್ಲವೆಂದು ಹನುಮಂತನ ಪಟದ ಮುಂದೆ ದೀಪ ಹಚ್ಚುವ ಕೆಲಸವನ್ನು ಅವನಿಗೇ ವಹಿಸಿದೆ. ದೀಪ ಹಚ್ಚದೆ ನಮ್ಮಲ್ಲಿ ಯಾರೂ ಮಣ್ಣಿಗೆ ಇಳಿಯುವುದಿಲ್ಲ. ಅಂದಿನಿಂದ ದಿನವೂ ಬರುತ್ತಿದ್ದ.

ಇವತ್ತು ಪಕ್ಕದ ಮನೆಯ ರೇಡಿಯೊದಲ್ಲಿ ಸುದ್ದಿ ಮುಗಿದರೂ ಆಸಾಮಿಯ ಸುಳಿವಿಲ್ಲ. ಎಲ್ಲರೂ ಲಂಗೋಟಿ ಕಟ್ಟಿಕೊಂಡು ಚಳಿಗೆ ನಡುಗುತ್ತ ನಿಂತಿದ್ದರು.

"ಸೋಮಾರಿ ಕೈಗೆ ದೀಪ ಕೊಟ್ರಲ್ಲ ಉಸ್ತಾದ್ರೆ. ಬಿಡಿ, ನಾನೇ ಹಚ್ತೀನಿ" ಎಂದರು ಹಿರಿಯ ಪೈಲ್ವಾನ್ ಮುನಿಯಪ್ಪ.

"ನೀವು ಹಚ್ಚಿದ್ರೆ ನಾಳೆಯಿಂದ ಅವನು ಬರಲ್ಲ ಅಣ್ಣ" ಎಂದೆ.

ಅಷ್ಟರಲ್ಲಿ ಶೇಷಾದ್ರಿ ಎಣ್ಣೆ ಸೀಸೆ ಹಿಡಿದು, ಸೈಕಲ್ ಮೇಲೆ ಏದುಸಿರು ಬಿಡುತ್ತ ಬಂದ. "ಎಣ್ಣೆ ಮುಗಿದಿತ್ತು ಸಾರ್. ಶೆಟ್ಟರನ್ನ ಎಬ್ಬಿಸಿ ಅಂಗಡಿ ತೆಗೆಸಿದೆ." ದೀಪ ಹಚ್ಚಿ, ಹೇಳಿಸಿಕೊಳ್ಳದೆ ಬಸ್ಕಿ ಹೊಡೆಯತೊಡಗಿದ. ನನಗೆ ಹೋದ ಜೀವ ಬಂತು.

ಇನ್ನೊಬ್ಬ ಹೊಸಬನೂ ಬರುವುದನ್ನು ಬಿಟ್ಟಿದ್ದಾನೆ, ನಾಳೆಯಿಂದ ದೀಪದ ಕೆಲಸ ಅವನಿಗೆ ಬಿಟ್ಟುಕೊಡು ಎಂದು ಶೇಷಾದ್ರಿಗೆ ಹೇಳಿದೆ.

"ದೀಪ ಕೊಡಲ್ಲ ಸಾರ್. ಬೇಕಾದ್ರೆ ಅವರಿಗೆ ಗಂಟೆ ಕೊಡಿ."

ಈಗ ಗಂಟೆ ತರಲು ಹೊರಟಿದ್ದೇನೆ. ಇನ್ನು ನಾಲ್ಕು ಜನ ಸೋಮಾರಿಗಳು ಸೇರಿದರೆ ನಮ್ಮ ಗರಡಿ ದೇವಸ್ಥಾನವೇ ಆಗಿಬಿಡುತ್ತದೆ.