ಸುರೇಶನ ಕ್ಯಾಸೆಟ್ಟು

ಕ್ಯಾಸೆಟ್ಟಿನ ಡಬ್ಬಿಯೊಳಗಿನ ಹಾಳೆಯ ಅಂಚಿನಲ್ಲಿ ನೀಲಿ ಬಾಲ್‌ಪೆನ್ನಿನಿಂದ ‘ಸುರೇಶ, ಕೊಪ್ಪ’ ಎಂದು ಬರೆದಿತ್ತು. ಸುರೇಶನ ಕೆಳಗೆ ಎರಡು ಗೆರೆ. ಕೊಪ್ಪ ನಮ್ಮೂರು.

ಹಾಡು ಬೇಕೆಂದರೆ ಖಾಲಿ ಕ್ಯಾಸೆಟ್ಟು ಕೊಟ್ಟು ಮೂರು ದಿನ ಕಾಯುತ್ತಿದ್ದ ಕಾಲ ಅದು. ಭಾರತೀನಗರದ ಅನ್ವರಣ್ಣ ತಮ್ಮ ರೇಡಿಯೊ ರಿಪೇರಿ ಅಂಗಡಿಯಲ್ಲೇ ಹಾಡು ತುಂಬಿಸಿಕೊಡುತ್ತಿದ್ದರು. ಅದಲುಬದಲಾಗದಂತೆ ಪ್ರತಿಯೊಂದರ ಮೇಲೂ ಹೆಸರು, ಊರು ಬರೆದು ಸಾಲಾಗಿ ಇಡುತ್ತಿದ್ದರು. ಕಾಲೇಜು ಹುಡುಗರು ಅಲ್ಲೇ ನಿಂತು ಹೆಸರುಗಳನ್ನು ಜೋರಾಗಿ ಓದಿ ನಗುತ್ತಿದ್ದರು. ಅದಕ್ಕೇ ಹುಡುಗಿಯರು ಅಣ್ಣತಮ್ಮಂದಿರ ಹೆಸರು ಕೊಡುತ್ತಿದ್ದರು.

ಅಪ್ಪನ ಕೊನೆಯ ತಂಗಿ ಲತಾ ಅತ್ತೆ ಭಾರತೀನಗರದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದಳು. ವಿದೇಶದ ಒಂದು ರಾಕ್ ಬ್ಯಾಂಡಿನ ಆಲ್ಬಂ ವಾರಗಟ್ಟಲೆಯಿಂದ ಮೊದಲ ಸ್ಥಾನದಲ್ಲಿದೆ ಎಂದು ಲೈಬ್ರರಿಯ ಪೇಪರಿನಲ್ಲಿ ಓದಿದವಳು, ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋದಳು. ನನಗೆ ಒಂಬತ್ತು ವರ್ಷ. ಅಪ್ಪನ ಹೆಸರು ಹೇಳುವಂತಿರಲಿಲ್ಲ. ಅನ್ವರಣ್ಣನಿಗೆ ಅಪ್ಪನ ಪರಿಚಯವಿತ್ತು. ಅತ್ತೆ ತುಸು ತಡೆದು, “ಸುರೇಶ ಅಂತ ಬರ್ಕೊಳಿ” ಎಂದಳು.

ಕಡಲೆಮಿಠಾಯಿ ಅಗಿಯುತ್ತಿದ್ದ ನಾನು ಅಗಿಯುವುದನ್ನು ನಿಲ್ಲಿಸಿದೆ. ಯಾರು ಈ ಸುರೇಶ?

ಸಂಜೆ ಅಜ್ಜಿ ಡೈರಿಗೆ ಹಾಲು ಹಾಕಲು ಹೋದಾಗ ಅತ್ತೆ ಟೇಪ್ ರೆಕಾರ್ಡರಿಗೆ ಕಿವಿಯಿಟ್ಟು ಕೂರುತ್ತಿದ್ದಳು. ಸಕ್ಕರೆ ಕಾರ್ಖಾನೆಯ ಹುಳಿವಾಸನೆ ಗಾಳಿಯಲ್ಲಿ ಬರುತ್ತಿತ್ತು. ಡ್ರಮ್ಮು ತಮಟೆಯ ಹಾಗೆ ಎದೆಗೆ ಬಡಿಯುತ್ತಿತ್ತು. “ಕೇಳೇ, ಎಂಗದೆ!” ಎನ್ನುವಳು. ನಾನು ಹಾಡು ಕೇಳುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದೆ. ಬಸ್‌ಸ್ಟಾಪಿನಲ್ಲಿ ಮೀಸೆ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಪರೀಕ್ಷಿಸುತ್ತಿದ್ದೆ.

ಒಂದು ಭಾನುವಾರ ಅತ್ತೆಯ ಟ್ರಂಕಿನಲ್ಲಿ ಕ್ಯಾಸೆಟ್ಟು ಅಜ್ಜಿಯ ಕೈಗೆ ಸಿಕ್ಕಿತು. ಡಬ್ಬಿಗೆ ಅತ್ತೆ ಆ ಬ್ಯಾಂಡಿನವರ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಅಂಟಿಸಿದ್ದಳು. ಅಜ್ಜಿಗೆ ಓದು ಬಾರದು. “ಏನ್ ಬರ್ದದೆ, ಓದವ್ವ” ಎಂದಳು. ಓದಿದೆ.

ಅಜ್ಜಿ ಚಿತ್ರವನ್ನು ಅತ್ತೆಯ ಮುಖಕ್ಕೆ ಹಿಡಿದಳು. “ಈ ನಾಕು ಜುಟ್ಟಿನೋರಲ್ಲಿ ಸುರೇಸ ಯಾವನೇ?”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ.

“ಯಾವ ಸುರೇಸನೂ ಇಲ್ಲ ಕಣವ್ವ. ಅಂಗಡೀಲಿ ನನ್ ಎಸ್ರು ಯಾಕೆ ಅಂತ ಬಾಯ್ಗೆ ಬಂದುದ್ ಯೋಳ್ದೆ. ಇವ್ಳೂ ಇದ್ಲಲ್ಲ, ಕೇಳು!”

ಎಲ್ಲರೂ ನನ್ನತ್ತ ತಿರುಗಿದರು. ಅವಳು ಹೆಸರು ಹೇಳುವ ಮೊದಲು ತಡೆದದ್ದನ್ನು ನಾನು ನೋಡಿದ್ದೆ. ಅದೊಂದನ್ನು ಹೇಳಿದ್ದರೆ ಸಾಕಿತ್ತು, ಹೆಸರು ಆಗಷ್ಟೇ ಹೊಳೆದದ್ದೆಂದು ಗೊತ್ತಾಗುತ್ತಿತ್ತು. ಆದರೆ ಸುರೇಶ ಇದ್ದಾನೆಂದೇ ನನ್ನ ಗುಮಾನಿ.

“ಸುರೇಶ ಅಂತ ಅತ್ತೇನೇ ಬರ್ಸುದ್ಲು” ಎಂದೆ. ಅಷ್ಟೆ. ಸುಳ್ಳಲ್ಲ.

“ಓದಿದ್ ಸಾಕು. ನಾಳೆಯಿಂದ ಕಾಲೇಜು ಬ್ಯಾಡ, ಬುಡು” ಎಂದು ಅಪ್ಪ ಎದ್ದುಹೋದರು.

ವರ್ಷ ಕಳೆಯುವುದರೊಳಗೆ ಅತ್ತೆಯನ್ನು ಮಳವಳ್ಳಿಗೆ ಮದುವೆ ಮಾಡಿಕೊಟ್ಟರು. ಸುರೇಶ ಎಲ್ಲಿಂದಲೂ ಬರಲಿಲ್ಲ. ನಾನು ಮಾತ್ರ ಎಂ.ಎ. ಮುಗಿಸಿದೆ. ಈಗ ಆ ಆಲ್ಬಂ ಯಾರ ಹೆಸರೂ ಕೊಡದೆ ಫೋನಿನಲ್ಲಿ ಸಿಗುತ್ತದೆ. ಹೋದಾಗಲೆಲ್ಲ ಅತ್ತೆ ಬಿಸಿ ಮುದ್ದೆ, ಉಪ್ಸಾರು ಬಡಿಸಿ ಪಕ್ಕದಲ್ಲೇ ಕೂರುತ್ತಾಳೆ. ಮಳೆ, ಬೆಳೆ, ಮಕ್ಕಳ ಅಂಕ, ಎಲ್ಲ ಮಾತಾಡುತ್ತಾಳೆ. ‘ಕೇಳೇ’ ಎಂದು ಕಣ್ಣರಳಿಸಿ ಏನನ್ನೂ ಹೇಳುವುದಿಲ್ಲ.

ಅಪ್ಪ ಕಾಲೇಜು ಬೇಡವೆಂದ ಮಾರನೆಯ ಬೆಳಿಗ್ಗೆ, ಎಂದಿನಂತೆ, ನಮ್ಮ ಮನೆಯೆದುರು ಕಾಲೇಜಿನ ಕಡೆಯ ಬಸ್ಸು ನಿಂತಿತು. ಕಂಡಕ್ಟರು ತಲೆ ಹೊರಹಾಕಿ, “ನಿಮ್ಮತ್ತೆ ಎಲ್ಲವ್ವ? ಬರಾಕಿಲ್ವಾ?” ಎಂದ. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಸಗಣಿಬುಟ್ಟಿ ಹಿಡಿದು ನಿಂತಿದ್ದಳು. ನಾನು “ಉಸಾರಿಲ್ಲ” ಎಂದು, ಬಸ್ಸಿನ ಪಕ್ಕೆಗೆ ಎರಡು ಸಲ ತಟ್ಟಿ, “ರೈಟ್” ಎಂದೆ.