ಬಿದ್ದ ಸುರಗಿಯ ಗೆಲ್ಲು

ಕೋಲಸಿರ್ಸಿಯ ಹೊನ್ನಿ ಸುರಗಿ ಹೂವಿನ ದಂಡೆ ಕಟ್ಟಿ ಸಿದ್ದಾಪುರ ಪೇಟೆಯಲ್ಲಿ ಮಾರುವವಳು. ಮೊಗ್ಗು ಕೊಡುತ್ತಿದ್ದದ್ದು ಗದ್ದೆಯಂಚಿನ ಒಂದೇ ಮರ. ಅವಳ ಅತ್ತೆ ಚೌಡಮ್ಮನೂ ಅದೇ ಮರದ ಹೂವು ಕಟ್ಟಿದವಳು. ಯಾರು ನೆಟ್ಟದ್ದೆಂದು ಚೌಡಮ್ಮನಿಗೂ ಗೊತ್ತಿರಲಿಲ್ಲ.

ಒಂದು ವರ್ಷ ಮುಂಗಾರಿನ ಮೊದಲ ಗಾಳಿಗೆ ಆ ಮರ ಬುಡಸಮೇತ ದಾರಿಗೆ ಅಡ್ಡ ಮಗುಚಿತು. ಊರವರು ಕತ್ತಿ, ಗರಗಸ ತಂದು ದಾರಿ ಬಿಡಿಸಿದರು. ಹೊನ್ನಿ ಮಾತ್ರ ಕೊಂಬೆಗಳ ತುದಿಯ ಹಸಿರು ಗೆಲ್ಲುಗಳನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

"ಎಂತಕ್ಕೆ ಅದು?" ಎಂದ ಗಂಡ ಬೈರ.

"ನೆಡೂಕೆ."

"ಸುರಗಿ ಕಡ್ಡಿ ಚಿಗುರಿದ್ದನ್ನ ಯಾರು ಕಂಡವ್ರೆ? ಅದೇನು ದಾಸವಾಳವಾ?"

ಅವಳಿಗೂ ಅದೇ ಅನುಮಾನ. ಶಿರಸಿಯ ಒಂದು ನರ್ಸರಿಯಲ್ಲಿ ಕೆಲಸ ಮಾಡುವ ಅಣ್ಣನ ಮಗಳು ಸೌಮ್ಯಳಿಗೆ ಫೋನ್ ಮಾಡಿದಳು.

"ಕಷ್ಟ ಅತ್ತೆ," ಎಂದಳು ಸೌಮ್ಯ. "ಇಂಥ ಗಟ್ಟಿ ಎಲೆ ಮರದ ಕಡ್ಡಿ ಬೇರು ಬಿಡೂದು ಕಮ್ಮಿ. ಆದ್ರೂ ನೋಡು. ಮೇಲಿನ ಎರಡೆಲೆ ಬಿಟ್ಟು ಉಳಿದದ್ದು ತೆಗಿ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸು. ಹೊಳೆ ಮರಳಲ್ಲಿ ಊರಿ, ಮೇಲಿಂದ ಪ್ಲಾಸ್ಟಿಕ್ ಕೊಟ್ಟೆ ಮುಚ್ಚು. ಬಿಸಿಲು ತಾಗಬಾರ್ದು, ಮರಳು ಒಣಗಬಾರ್ದು. ಮತ್ತೆ ಅದನ್ನ ಕಿತ್ತು ಕಿತ್ತು ನೋಡಬೇಡ."

ಹಳೇ ಬಕೆಟ್ಟುಗಳಲ್ಲಿ ಮರಳು ತುಂಬಿಸಿ, ಕಡ್ಡಿ ಊರಿ, ಹಿತ್ತಿಲ ಮಾಡಿನಡಿ ಇಟ್ಟಳು. ಮಳೆ ಹಿಡಿಯಿತು. ಒಂದೊಂದೇ ಕಡ್ಡಿ ಕಪ್ಪಾಗಿ ಕೊಳೆಯತೊಡಗಿತು. ಕೊಳೆತದ್ದನ್ನು ಎಸೆದು, ಕೊಟ್ಟೆ ಚೀಲದ ಒಳಗೆ ಕಟ್ಟಿದ ನೀರು ಒರೆಸಿ ಮತ್ತೆ ಮುಚ್ಚುತ್ತಿದ್ದಳು. ನವರಾತ್ರಿಯ ಹೊತ್ತಿಗೆ ಎರಡೇ ಕಡ್ಡಿ ಉಳಿದಿದ್ದವು. ಅವು ಒಣಗಲೂ ಇಲ್ಲ, ಚಿಗುರಲೂ ಇಲ್ಲ.

ಒಂದು ಬೆಳಿಗ್ಗೆ ಕೊಟ್ಟೆ ಎತ್ತಿದವಳು ಒಂದು ಕಡ್ಡಿಯನ್ನು ಬೆರಳಲ್ಲಿ ಮೆಲ್ಲಗೆ ಜಗ್ಗಿದಳು. ಅದು ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗಿತ್ತು. ಕೈ ತೆಗೆದಳು. ಸೌಮ್ಯ ಬೇಡವೆಂದದ್ದು ನೆನಪಿದ್ದರೂ ತಡೆಯಲಾಗಲಿಲ್ಲ. ಚೊಂಬಿನಿಂದ ನೀರು ಸುರಿದು ಮರಳು ಸರಿಸಿದಳು. ಕತ್ತರಿಸಿದ ತುದಿಯ ಸುತ್ತ ಬಿಳೀ ಬೇರುಗಳು, ಶ್ಯಾವಿಗೆಯ ಎಳೆಯಂಥವು.

"ಬನ್ನಿ ಇಲ್ಲಿ," ಎಂದು ಬೈರನನ್ನು ಕರೆದಳು.

ಬೈರ ಬಂದು ಕುಕ್ಕರುಗಾಲಲ್ಲಿ ಕೂತ.

"ಇದು ತುದಿಯಲ್ಲಿ ಗಾಳಿಗೆ ಆಡ್ತಾ ಇದ್ದ ಗೆಲ್ಲು," ಎಂದಳು ಹೊನ್ನಿ. "ಹುಟ್ಟಿದಮೇಲೆ ಮಣ್ಣನ್ನೇ ಮುಟ್ಟಿದ್ದಲ್ಲ. ಬೇರು ಬಿಡೂದು ಇದಕ್ಕೆ ಹ್ಯಾಂಗೆ ಗೊತ್ತಾಯ್ತು?"

ಬೈರ ಬೇರಿನ ಮೇಲೆ ಮರಳನ್ನು ತಾನೇ ಹಿಡಿಹಿಡಿಯಾಗಿ ಎಳೆದು ಮುಚ್ಚಿದ.

ಇನ್ನೊಂದು ಕಡ್ಡಿ ಚಳಿಗಾಲದಲ್ಲಿ ಸತ್ತಿತು. ಬದುಕಿದ್ದನ್ನು ಮರುವರ್ಷ ಹಿತ್ತಿಲಿಗೆ ಇಳಿಸಿದರು. ಬೀಜದಿಂದ ಬೆಳೆದ ಸುರಗಿ ಹೂ ಬಿಡಲು ಅರ್ಧ ಆಯುಷ್ಯ ಕಾಯಬೇಕೆಂದು ಎಲ್ಲರೂ ಹೇಳುತ್ತಿದ್ದರು. ಈ ಗಿಡ ಹೊನ್ನಿಯ ಎದೆಮಟ್ಟಕ್ಕೆ ಬಂದ ವರ್ಷವೇ, ಹೋದ ಫಾಲ್ಗುಣದಲ್ಲಿ, ಕಾಂಡಕ್ಕೆ ಅಂಟಿಕೊಂಡು ಮೊಗ್ಗು ಕಟ್ಟಿತು. ಎಳೆ ಗಿಡಕ್ಕೆ ಹಳೇ ಮರದ ವಯಸ್ಸು ನೆನಪಿತ್ತು.

ಕಣ್ಣು ಕಾಣದ ಚೌಡಮ್ಮನನ್ನು ಹೊನ್ನಿ ಕೈಹಿಡಿದು ಹಿತ್ತಿಲಿಗೆ ಕರೆತಂದಳು. ಮುದುಕಿ ಬಗ್ಗಿ ಮೂಸಿದಳು. ಅಷ್ಟೆತ್ತರದ ಮರದ ಹೂವು ಮೂಗಿನ ಮುಂದೆಯೇ ಇದ್ದದ್ದಕ್ಕೆ ಬೆರಗಾಗಿ ಕಾಂಡವನ್ನು ಬುಡದವರೆಗೂ ತಡವಿದಳು.

"ಅದೇ," ಎಂದಳು. "ಅದೇ ಮರ."

ಆ ವರ್ಷದ ಮೊಗ್ಗನ್ನು ಹೊನ್ನಿ ಕೊಯ್ಯಲಿಲ್ಲ. ಎಲ್ಲವೂ ಗಿಡದಲ್ಲೇ ಅರಳಿದವು.