ಪಿನ್ನಮ್ಮನಿಗೆ ನಾನು ಆರಿಸಿದ ಪರೀಕ್ಷೆ

ನನ್ನ ವಾರಗಿತ್ತಿಯ ಬಗ್ಗೆ ಯಾರು ಕೇಳಿದರೂ ಒಳ್ಳೆಯದನ್ನೇ ಹೇಳುತ್ತೇನೆ. ಹೇಳದಿದ್ದರೆ ನನ್ನ ಹೊಟ್ಟೆಕಿಚ್ಚು ಕೇಳಿದವರಿಗೆ ಗೊತ್ತಾಗಿಬಿಡುತ್ತದೆ. ಇಲ್ಲಿ ಮಾತ್ರ ಮುಚ್ಚುಮರೆ ಬೇಡ. ಒಂಬತ್ತು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ ಉಂಡವರು, ಒಂದೇ ಅಂಗಡಿಯಲ್ಲಿ ಅಕ್ಕಪಕ್ಕದ ಮಿಷನ್ ತುಳಿದವರು. ಅಷ್ಟೂ ವರ್ಷ ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅಷ್ಟೂ ವರ್ಷ ಅವಳು ನನ್ನನ್ನು ಬಾಯಿ ತುಂಬ ಅಕ್ಕ ಎನ್ನುತ್ತಿದ್ದಳು. ಬಾಯಿ ತುಂಬ ಎಂದರೆ ತಪ್ಪಾದೀತು. ಅವಳ ಬಾಯಲ್ಲಿ ಯಾವಾಗಲೂ ಪಿನ್ನು ಇರುತ್ತಿತ್ತು.

ನಮ್ಮದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ರೆಡಿಮೇಡ್ ಕೊಂಡವರು ತಂದುಕೊಟ್ಟ ಕೋಟು, ಗೌನು, ಪ್ಯಾಂಟುಗಳಲ್ಲಿ ಸಡಿಲವಿದ್ದದ್ದನ್ನು ಬಿಗಿ ಮಾಡುವ, ಉದ್ದವಿದ್ದದ್ದನ್ನು ಗಿಡ್ಡ ಮಾಡುವ ಆಲ್ಟರೇಷನ್ ಅಂಗಡಿ. ಮೂರು ಮಿಷನ್, ಒಂದು ಇಸ್ತ್ರಿ ಮೇಜು, ಪರದೆ ಕಟ್ಟಿದ ಟ್ರಯಲ್ ರೂಮು, ಆಳೆತ್ತರದ ಕನ್ನಡಿ, ಅದರ ಮುಂದೆ ಗಿರಾಕಿ ನಿಲ್ಲುವುದಕ್ಕೆ ಒಂದು ಗಿಡ್ಡ ಸ್ಟೂಲು. ಗಿರಾಕಿ ಸ್ಟೂಲಿನ ಮೇಲೆ ನಿಂತರೆ ನಾವು ಕೆಳಗೆ ಮಂಡಿಯೂರಿ ಬಟ್ಟೆ ಮಡಿಸಿ ಪಿನ್ನು ಹಾಕುತ್ತೇವೆ. ಪಿನ್ನು ಹಾಕಿ ಮುಗಿಯುವ ತನಕ ಗಿರಾಕಿ ಅಲ್ಲಾಡಬಾರದು. ನಮ್ಮ ಅಂಗಡಿಯಲ್ಲಿ ಇರುವುದು ಅದೊಂದೇ ಕಾನೂನು.

ಅವಳು ನನ್ನ ಮೈದುನನ ಕೈಹಿಡಿದು ಬಂದಾಗ ಏನೂ ಬಾರದ ಹುಡುಗಿ. ಬರುತ್ತಿದ್ದದ್ದು ಮಾತು ಒಂದೇ. ಬೆಳಗ್ಗೆ ಬಾಯಿ ತೆರೆದರೆ ಅಂಗಡಿ ಬಾಗಿಲು ಹಾಕುವ ತನಕ ಮುಚ್ಚುತ್ತಿರಲಿಲ್ಲ. ಗಿರಾಕಿಗಳು ಅವಳ ಮಾತಿಗೆ ನಗುತ್ತಾ ಕುಲುಕಿದರೆ ನನ್ನ ಪಿನ್ನು ಸೊಟ್ಟ ಹೋಗುತ್ತಿತ್ತು. ಕೆಲಸ ಕಲಿಯಲು ಬಂದ ಮೂರನೆಯ ದಿನ ನನಗೆ ತಲೆ ಕೆಟ್ಟು, ಡಬ್ಬಿಯಿಂದ ನಾಲ್ಕು ಪಿನ್ನು ತೆಗೆದು ಅವಳ ಮುಂದೆ ಹಿಡಿದೆ.

"ತಗೋ, ಇದನ್ನ ತುಟಿಯಲ್ಲಿ ಕಚ್ಚಿಕೋ. ಒಳ್ಳೆ ಟೈಲರ್‌ಗಳೆಲ್ಲಾ ಹೀಗೇ ಇಟ್ಕೊಳ್ಳೋದು. ಕೈ ಖಾಲಿ ಇರುತ್ತೆ," ಎಂದೆ.

ನಾನು ಪಿನ್ನನ್ನು ಮಣಿಕಟ್ಟಿಗೆ ಕಟ್ಟಿದ ಪುಟ್ಟ ಮೆತ್ತೆಯಲ್ಲಿ ಚುಚ್ಚಿಟ್ಟುಕೊಳ್ಳುವವಳು. ಒಂದು ದಿನವೂ ತುಟಿಗೆ ಇಟ್ಟವಳಲ್ಲ. ಅವಳು ಅದನ್ನು ಗಮನಿಸಲೇ ಇಲ್ಲ. ಅಕ್ಕ ಹೇಳಿದ ಮೇಲೆ ಮುಗಿಯಿತು. ಅಂದಿನಿಂದ ಅಂಗಡಿಯಲ್ಲಿ ಶಾಂತಿ. ಮಾತಾಡಲೇಬೇಕಾದರೆ ತುಟಿ ಬಿಡಿಸದೆ, ಹಲ್ಲಿನ ಹಿಂದೆ ಮಾತು ಉರುಳಿಸಿ ಆಡುವುದನ್ನು ಕಲಿತಳು. ಅದು ಅಭ್ಯಾಸವಾಗಿ ಪಿನ್ನು ಇಲ್ಲದಾಗಲೂ ಹಾಗೆಯೇ ಆಡತೊಡಗಿದಳು. ಅಂಗಡಿ ಮಾಲೀಕರು ಪಿನ್ನಮ್ಮ ಎಂದು ಹೆಸರಿಟ್ಟರು. ಮನೆಯಲ್ಲೂ ಅದೇ ನಿಂತಿತು. ಅವಳ ಗೊಣಗು ನಮಗೆಲ್ಲ ಎಷ್ಟು ಒಗ್ಗಿಹೋಗಿತ್ತೆಂದರೆ ಅದು ಗೊಣಗು ಎನ್ನುವುದೇ ಮರೆತುಹೋಗಿತ್ತು. ನಾನೊಬ್ಬಳು ಮರೆತಿರಲಿಲ್ಲ.

ಬಾಯಿ ಮುಚ್ಚಿತು, ಕೈ ತೆರೆಯಿತು. ಮೂರು ವರ್ಷಕ್ಕೆ ಅವಳು ನನ್ನ ಸಮಕ್ಕೆ ಬಂದಳು, ಐದಕ್ಕೆ ನನ್ನನ್ನು ದಾಟಿದಳು. ಕೋಟಿನ ತೋಳು ಬಿಚ್ಚಿ ಮತ್ತೆ ಕೂರಿಸುವುದು ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟ. ನಾನು ಕೂರಿಸಿದ ತೋಳಿನಲ್ಲಿ ಎಲ್ಲಾದರೂ ಒಂದು ಸಣ್ಣ ಸುಕ್ಕು ಉಳಿಯುತ್ತದೆ. ಇಸ್ತ್ರಿಯಲ್ಲಿ ಅದನ್ನು ಅಡಗಿಸುತ್ತೇನೆ. ಅವಳದರಲ್ಲಿ ಅಡಗಿಸುವುದಕ್ಕೆ ಏನೂ ಇರುತ್ತಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹಳೆಯ ದಾರ ಎಳೆಯುತ್ತಿದ್ದಳು. ಗಿರಾಕಿಗಳು ಬಾಗಿಲಲ್ಲೇ ನಿಂತು, "ಅವರಿಲ್ವಾ, ಆ ಇನ್ನೊಬ್ಬರು?" ಎಂದು ಕೇಳುತ್ತಿದ್ದರು. ನಾನು ಕಣ್ಣೆದುರಿಗೇ ಇರುತ್ತಿದ್ದೆ.

ನನಗಿದ್ದ ಒಂದೇ ಸಮಾಧಾನ ಇಂಗ್ಲಿಷ್. ನಾನು ಡಿಗ್ರಿ ಮುಗಿಸಿದವಳು. ಬ್ಯಾಂಕಿನ ಕಾಗದ, ಆಸ್ಪತ್ರೆಯ ಚೀಟಿ, ಏನು ಬಂದರೂ ಮನೆಯವರು ನನ್ನ ಕೈಗೆ ಕೊಡುತ್ತಿದ್ದರು. ಅವಳಿಗೆ ಬರುತ್ತಿದ್ದದ್ದು ಗಿರಾಕಿಗಳಿಂದ ಹೆಕ್ಕಿಕೊಂಡ ಇಂಗ್ಲಿಷ್. ವ್ಯಾಕರಣಕ್ಕೆ ಕೈಕಾಲು ಇರುತ್ತಿರಲಿಲ್ಲ, ಆದರೂ ನಡೆಯುತ್ತಿತ್ತು.

ಹೋದ ವರ್ಷ ಹೊರದೇಶದ ಒಂದು ದೊಡ್ಡ ಆಲ್ಟರೇಷನ್ ಕಂಪನಿಗೆ ಕೈಕೆಲಸದವರು ಬೇಕೆಂಬ ಸುದ್ದಿ ಬಂತು. ಆಯ್ಕೆಯಾದವರು ಗಂಡನನ್ನೂ ಕರೆದುಕೊಂಡು ಅಲ್ಲೇ ನೆಲೆಸಬಹುದಂತೆ. ತೋಳು ಕೂರಿಸುವ ವಿಡಿಯೊ ಕಳಿಸಬೇಕಿತ್ತು. ನಾವಿಬ್ಬರೂ ಕಳಿಸಿದೆವು. ನನ್ನದನ್ನು ಅವಳು ತೆಗೆದಳು, ಅವಳದನ್ನು ನಾನು ತೆಗೆದೆ. ಉತ್ತರ ಒಬ್ಬಳಿಗೇ ಬಂತು. ಅದನ್ನು ತಂದು ನನ್ನ ಕೈಯಲ್ಲಿಟ್ಟು, "ಏನು ಬರೆದಿದ್ದಾರೆ ಓದಿ ಅಕ್ಕ," ಎಂದಳು. ಅತ್ತೆ, ನನ್ನ ಗಂಡ, ಮೈದುನ ಎಲ್ಲರೂ ಸುತ್ತ ನಿಂತರು. ಅವಳ ಕೈಯನ್ನು ಹೊಗಳಿದ ಕಾಗದವನ್ನು ನನ್ನ ಬಾಯಿಂದ, ನನ್ನ ಒಳ್ಳೆಯ ಉಚ್ಚಾರಣೆಯಲ್ಲಿ, ಒಂದಕ್ಷರ ಬಿಡದೆ ಓದಿದೆ. ಹೊಟ್ಟೆ ಯಾವತ್ತೂ ಅಷ್ಟು ಉರಿದದ್ದು ನನಗೆ ನೆನಪಿಲ್ಲ.

ಕಾಗದದ ಕೊನೆಯಲ್ಲಿ ಒಂದು ಷರತ್ತಿತ್ತು. ವಲಸೆಯ ಅರ್ಜಿ ಹಾಕುವ ಮೊದಲು ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗಬೇಕು. ಎರಡು ಪರೀಕ್ಷೆಗಳಿಗೆ ಒಪ್ಪಿಗೆ ಇದೆ, ಯಾವುದಾದರೂ ಒಂದನ್ನು ಆರಿಸಿಕೊಳ್ಳಬಹುದು. ನಾಲ್ಕು ತಿಂಗಳು ಗಡುವು.

"ಯಾವುದು ತಗೊಳ್ಳಲಿ ಅಕ್ಕ? ನೀವು ಹೇಳಿದ್ದೇ ತಗೋತೀನಿ," ಎಂದಳು.

"ಅತ್ತಿಗೆ ಇರುವಾಗ ನಮಗ್ಯಾಕೆ ಯೋಚನೆ," ಎಂದ ಮೈದುನ.

ಎರಡರ ವಿವರವನ್ನೂ ಎರಡು ದಿನ ಕೂತು ಓದಿದೆ. ಒಂದರಲ್ಲಿ ಮೇಜಿನ ಆಚೆ ಮನುಷ್ಯರೊಬ್ಬರು ಕೂತು ಪ್ರಶ್ನೆ ಕೇಳುತ್ತಾರೆ. ಅರ್ಥವಾಗದಿದ್ದರೆ ಮತ್ತೆ ಕೇಳಬಹುದು. ಅವರಿಗೆ ಕೇಳಿಸದಿದ್ದರೆ ಅವರೂ ಮುಂದೆ ಬಗ್ಗಿ, ಇನ್ನೊಮ್ಮೆ ಹೇಳಿ ಎನ್ನಬಹುದು. ಇನ್ನೊಂದರಲ್ಲಿ ಕಂಪ್ಯೂಟರ್. ಕಿವಿಗೆ ಹೆಡ್‌ಫೋನು, ಬಾಯಿಗೆ ಮೈಕು. ಮಾತು ಎಷ್ಟು ಸ್ಪಷ್ಟ ಎಂದು ಅಳೆಯುವುದೂ ಕಂಪ್ಯೂಟರೇ. ಪಿನ್ನಮ್ಮನ ಗೊಣಗನ್ನು ಒಂದು ಸಲ ಕೇಳಿದವರು ಯಾರೇ ಆಗಲಿ, ಅವಳಿಗೆ ಯಾವುದು ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು.

ನಾನು ಕಣ್ಣು ಬಿಟ್ಟುಕೊಂಡು, ಕಂಪ್ಯೂಟರ್ ಎಂದೆ.

"ಇದರಲ್ಲಿ ರಿಸಲ್ಟ್ ಬೇಗ ಬರುತ್ತೆ. ಎದುರಿಗೆ ಯಾರೂ ಇರಲ್ಲ, ನಾಚಿಕೆ ಆಗಲ್ಲ. ಸೆಂಟರು ನಮ್ಮ ಬಸ್ ಸ್ಟಾಪ್ ಪಕ್ಕದಲ್ಲೇ ಇದೆ," ಎಂದು ವಿವರಿಸಿದೆ. ಒಂದೂ ಸುಳ್ಳಲ್ಲ. ನಿಜಗಳನ್ನೇ ಪೋಣಿಸಿ ಮೋಸ ಮಾಡಬಹುದು ಎಂದು ಆ ದಿನ ಕಲಿತೆ.

ದಿನಾ ಸಂಜೆ ಅವಳಿಗೆ ಪಾಠ ಹೇಳಿದೆ. ವ್ಯಾಕರಣ ತಿದ್ದಿದೆ, ಪದ ಕಲಿಸಿದೆ, ಬಾಯಿ ಬಿಡು ಎಂದು ಮಾತ್ರ ಹೇಳಲಿಲ್ಲ. ಒಂದು ಸಂಜೆ ಮೈದುನ ತಮಾಷೆಗೆಂದು ತನ್ನ ಫೋನು ಅವಳ ಮುಂದೆ ಹಿಡಿದ. ಆಡಿದ ಮಾತನ್ನು ಟೈಪ್ ಮಾಡಿಕೊಳ್ಳುವ ಫೋನು. ಅವಳು ಎರಡು ನಿಮಿಷ ಮಾತಾಡಿದರೆ ಅದರಲ್ಲಿ ಮೂಡಿದ್ದು ಬಿಡಿಬಿಡಿಯಾಗಿ ಏಳೆಂಟು ಪದ. ಎಲ್ಲರೂ ನಕ್ಕರು. ಅವಳು ನಗು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಕಂಪ್ಯೂಟರಿಗೂ ಹಿಂಗೇ ಕೇಳಿಸಿದ್ರೆ ಅಕ್ಕ?"

"ಇದು ಫೋನಿನ ಮೈಕು, ಸರಿ ಇಲ್ಲ. ಅಲ್ಲಿನ ಮೈಕೇ ಬೇರೆ," ಎಂದೆ. ಇದು ಶುದ್ಧ ಸುಳ್ಳು.

ಪರೀಕ್ಷೆ ಆಯಿತು. ಮೂರನೆಯ ದಿನಕ್ಕೆ ಫಲಿತಾಂಶ ಬಂತು. ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳುವುದರಲ್ಲಿ ಒಳ್ಳೆಯ ಅಂಕ, ಮಾತಿನಲ್ಲಿ ಬೇಕಿದ್ದದ್ದರ ಅರ್ಧಕ್ಕೂ ಬಂದಿರಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ. ಮನೆಯವರೆಲ್ಲ ಅವಳ ಸುತ್ತ ಕೂತು ಬೆನ್ನು ಸವರುವುದನ್ನು ನೋಡಿದಾಗ ಆ ಸಂತೋಷವೂ ಇಳಿದುಹೋಯಿತು. ಗೆದ್ದರೂ ಅವಳಿಗೇ ಮುದ್ದು, ಸೋತರೂ ಅವಳಿಗೇ. ನನ್ನ ವಿಡಿಯೊಗೆ ಉತ್ತರವೇ ಬಾರದಿದ್ದಾಗ ಯಾರೂ ನನ್ನ ಬೆನ್ನು ಸವರಿರಲಿಲ್ಲ.

ಗಡುವಿಗೆ ಇನ್ನೂ ಎರಡು ತಿಂಗಳಿತ್ತು. ಇನ್ನೊಂದು ಸಲ ಪರೀಕ್ಷೆ ಕೊಡಬಹುದು, ಅದೇ ಕೊನೆ.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮಾಲೀಕರು ಊಟಕ್ಕೆ ಹೋಗಿದ್ದರು. ಅವಳು ಗೌನು ತೊಡಿಸಿದ ಬೊಂಬೆಯ ಮುಂದೆ ಮಂಡಿಯೂರಿ ಅಂಚು ಮಡಿಸುತ್ತಾ, ಅದರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ತನ್ನ ಹೆಸರು, ತನ್ನ ಕೆಲಸ, ತನಗೆ ಇಷ್ಟವಾದ ಋತು. ಬಾಯಲ್ಲಿ ಐದು ಪಿನ್ನು. ಪಿನ್ನು ಕಚ್ಚಿಕೊಂಡೇ ಮಾತಿನ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದ ಅವಳಿಗೆ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ನನ್ನನ್ನು ನೋಡಿ, ಪಿನ್ನುಗಳ ಸಂದಿಯಿಂದಲೇ ಕೇಳಿದಳು. "ಈ ಸಲ ಯಾವುದು ಅಕ್ಕ?"

ಮೊದಲ ಸಲ ಕೇಳಿದ ಹಾಗೆಯೇ ಕೇಳಿದಳು. ಕಂಪ್ಯೂಟರ್ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಹೋಗಿ ಫೀಸು ಕಟ್ಟಿಬರುತ್ತಿದ್ದಳು, ಮತ್ತೆ ಸೋಲುತ್ತಿದ್ದಳು, ನನ್ನ ಪಕ್ಕದ ಮಿಷನ್ನಿಗೇ ವಾಪಸು ಬರುತ್ತಿದ್ದಳು. ಆಮೇಲೆ ಸಾಯುವ ತನಕ ಬಾಗಿಲಲ್ಲಿ ನಿಂತವರು "ಆ ಇನ್ನೊಬ್ಬರು" ಎಂದು ಕೇಳುವುದನ್ನು ನಾನು ಕೇಳಿಸಿಕೊಳ್ಳಬೇಕಿತ್ತು. ಹಾಗೆ ನೋಡಿದರೆ ಅವಳು ಹೋಗುವುದೇ ನನಗೆ ಲಾಭ. ಆ ಲೆಕ್ಕಾಚಾರಕ್ಕೆ ಒಪ್ಪಿಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಡೆದದ್ದು ಅದಲ್ಲ. ಅವಳು ತಲೆ ಎತ್ತಿದಾಗ ಕಿಟಕಿಯ ಬೆಳಕು ಮುಖಕ್ಕೆ ಬಿತ್ತು. ಕೆಳತುಟಿಯ ಮೇಲೆ ಪಿನ್ನು ಕೂರುವ ಜಾಗದಲ್ಲಿ ಎರಡು ಗೆರೆ ಬಿದ್ದಿದ್ದವು, ಕಲ್ಲಿನ ಮೇಲೆ ಹಗ್ಗ ಉಜ್ಜಿದ ಹಾಗೆ. ಒಂಬತ್ತು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಅದು ನನ್ನ ಕೈಕೆಲಸ. ನನ್ನ ಜೀವಮಾನದಲ್ಲಿ ಸುಕ್ಕಿಲ್ಲದೆ ಕೂರಿಸಿದ್ದು ಅದೊಂದೇ.

ಅವಳ ತುಟಿಯಿಂದ ಒಂದೊಂದೇ ಪಿನ್ನು ತೆಗೆದು ನನ್ನ ಮೆತ್ತೆಗೆ ಚುಚ್ಚಿದೆ.

"ಮನುಷ್ಯರ ಮುಂದೆ ಕೂತು ಮಾತಾಡೋ ಪರೀಕ್ಷೆ ತಗೋ. ಇವತ್ತಿನಿಂದ ಪಿನ್ನು ಬಾಯಿಗೆ ಇಡಬೇಡ. ನೀನು ಬಾಯಿ ಮುಚ್ಚಿಕೊಂಡು ಮಾತಾಡ್ತೀಯ ಕಣೆ, ಅದಕ್ಕೇ ಮೊದಲ ಸಲ ಫೇಲಾಗಿದ್ದು," ಎಂದೆ.

"ಟೈಲರ್‌ಗಳೆಲ್ಲಾ ಹೀಗೇ ಇಟ್ಕೊಳ್ಳೋದು ಅಂದಿದ್ರಿ?"

"ಅವತ್ತು ನನಗೆ ತಲೆನೋವಿತ್ತು," ಎಂದೆ.

ಮೆತ್ತೆಯನ್ನು ಅವಳ ಮಣಿಕಟ್ಟಿಗೆ ಕಟ್ಟಿದೆ. ಮೊದಲ ಒಂದು ವಾರ ಪಿನ್ನಿಲ್ಲದ ಬಾಯನ್ನು ಏನು ಮಾಡಬೇಕೋ ತಿಳಿಯದೆ ತುಟಿ ನೆಕ್ಕಿಕೊಳ್ಳುತ್ತಿದ್ದಳು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು, ಕೊನೆಗೆ ಅಣೆಕಟ್ಟು ಒಡೆಯಿತು. ಮಾಲೀಕರು ಕಿವಿ ಮುಚ್ಚಿಕೊಂಡು, "ಇವಳಿಗೆ ಇಷ್ಟು ದೊಡ್ಡ ಗಂಟಲಿತ್ತಾ?" ಎಂದು ಕೇಳಿದರು. ಇತ್ತು. ತುಂಬಿದ, ಬೆಚ್ಚನೆಯ ದನಿ. ನನ್ನದಕ್ಕಿಂತ ಚೆಂದ. ಅದಕ್ಕೂ ಉರಿದುಕೊಂಡೆ.

ಪರೀಕ್ಷೆ ಮಾಡಿದವರು ನೀವು ರಿಪೇರಿ ಮಾಡಿದ ಒಂದು ವಸ್ತುವಿನ ಬಗ್ಗೆ ಹೇಳಿ ಎಂದರಂತೆ. ಇವಳು ಅವರದೇ ಕೋಟಿನ ಎಡತೋಳು ತೋರಿಸಿ, ಅದರಲ್ಲಿ ಏನು ತಪ್ಪಾಗಿದೆ, ಹೇಗೆ ಬಿಚ್ಚಬೇಕು, ಹೇಗೆ ಮತ್ತೆ ಕೂರಿಸಬೇಕು ಎಂದು ಹೇಳಿದಳಂತೆ. ಸಮಯ ಮುಗಿಯಿತು ಎಂದ ಮೇಲೂ ಅವರು ತೋಳು ಮುಂದೆ ಚಾಚಿಕೊಂಡೇ ಕೂತಿದ್ದರಂತೆ. ವ್ಯಾಕರಣ ಎಲ್ಲೆಲ್ಲಿ ಬಿದ್ದಿತೋ ದೇವರಿಗೇ ಗೊತ್ತು. ಪಾಸಾದಳು.

ಹೊರಡುವ ಹಿಂದಿನ ದಿನ ಅಂಗಡಿಯಲ್ಲಿ ನನ್ನ ಹಳೆಯ ಕೋಟು ಹಾಕಿಸಿ ಸ್ಟೂಲಿನ ಮೇಲೆ ನಿಲ್ಲಿಸಿದಳು. ಊರಿನವರ ತೋಳೆಲ್ಲ ಸರಿಮಾಡುತ್ತೇವೆ, ನಮ್ಮ ಬಟ್ಟೆಗೆ ಯಾವತ್ತೂ ಸರದಿ ಬರುವುದಿಲ್ಲ. ಆರು ವರ್ಷದಿಂದ ಅದರ ಭುಜ ಇಳಿದುಬಿದ್ದಿತ್ತು. ಮಣಿಕಟ್ಟಿನ ಮೆತ್ತೆಯಿಂದ ಪಿನ್ನು ತೆಗೆದು ಹಾಕುತ್ತಾ, ಪಕ್ಕದ ಅಂಗಡಿಗೂ ಕೇಳಿಸುವ ಹಾಗೆ ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ದನಿ ಇಳಿಸಿದಳು.

"ಮೊದಲನೇ ಸಲ ಬೇಕಂತಲೇ ಕಂಪ್ಯೂಟರ್ ಅಂದ್ರಿ ಅಲ್ವಾ ಅಕ್ಕ? ಫೋನು ಹಿಡಿದ ದಿನವೇ ನನಗೆ ಗೊತ್ತಾಯ್ತು."

ಭುಜದ ಮೇಲೆ ಪಿನ್ನಿತ್ತು, ಅಲ್ಲಾಡುವಂತಿರಲಿಲ್ಲ.

"ಗೊತ್ತಿದ್ದೂ ಹೋಗಿ ಪರೀಕ್ಷೆ ಕೊಟ್ಟೆಯಾ?"

"ಯಾಕೆ ಹಾಗಂದ್ರಿ ಅಂತಾನೂ ಗೊತ್ತಿತ್ತಲ್ಲ. ನನ್ನ ಕಳಿಸೋಕೆ ನಿಮಗೆ ಮನಸ್ಸಿರಲಿಲ್ಲ. ನನ್ನ ಬಿಟ್ಟು ಇರೋಕೆ ನಿಮ್ಮ ಕೈಲಿ ಆಗಲ್ಲ. ಪಾಸಾಗದೆ ಇದ್ರೆ ನಿಮ್ಮ ಜೊತೆನೇ ಇದ್ದುಬಿಡೋಣ ಅಂದ್ಕೊಂಡೆ. ನಿಮ್ಮ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ," ಎಂದಳು. ಕಣ್ಣು ಒದ್ದೆಯಾಗಿತ್ತು. ಕೈ ಮಾತ್ರ ಪಿನ್ನು ಹಾಕುತ್ತಲೇ ಇತ್ತು.

ಅದಲ್ಲ ಕಣೆ, ಹೊಟ್ಟೆಕಿಚ್ಚು ಎಂದು ಹೇಳಬೇಕಿತ್ತು. ಕನ್ನಡದಲ್ಲಿ ಒಂದೇ ಪದ, ಇಂಗ್ಲಿಷಿನಲ್ಲೂ ನನಗೆ ಗೊತ್ತಿತ್ತು. ಪಿನ್ನು ಕಚ್ಚಿಕೊಂಡವಳ ಹಾಗೆ ತುಟಿ ಬಿಗಿದು ನಿಂತೆ.

"ತೋಳು ಎತ್ತಿ ಅಕ್ಕ," ಎಂದಳು. ಎತ್ತಿದೆ.

ಅವಳು ಹೋಗಿ ಏಳು ತಿಂಗಳಾಯಿತು. ವಾರಕ್ಕೊಮ್ಮೆ ಫೋನು ಮಾಡಿ ಕಿವಿ ತೂತಾಗುವಷ್ಟು ಮಾತಾಡುತ್ತಾಳೆ. ನಾನು ಹೂಂಗುಟ್ಟುತ್ತೇನೆ. ಬಾಗಿಲಲ್ಲಿ ನಿಂತವರು ಆ ಇನ್ನೊಬ್ಬರನ್ನು ಕೇಳುವುದು ಇನ್ನೂ ನಿಂತಿಲ್ಲ. ಕೋಟು ದಿನಾ ಹಾಕಿಕೊಳ್ಳುತ್ತೇನೆ. ಒಂದು ಸಂಜೆ ಅದನ್ನು ಒಳಮೈ ಹೊರಗೆ ಮಾಡಿ, ಭುಜದ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಾ ಕಿಟಕಿಯ ಬಳಿ ಕೂತೆ. ಬೆಳಕು ಹೋಗುವ ತನಕ ಹುಡುಕಿದೆ. ಒಂದೂ ಸಿಗಲಿಲ್ಲ.